ತಪ್ಪಿಗೆ ಗುಂಡು ಸುತ್ತಿದ ಮೇಲೆ

402ರಿಂದ 178 ಕಳೆಯುವ ಲೆಕ್ಕ. ಒಂದು ಮಗುವಿನ ನೋಟ್‌ಬುಕ್ಕಿನಲ್ಲಿ ಉತ್ತರ 376, ಪಕ್ಕದಲ್ಲಿ ಕೂತ ಮಗುವಿನದರಲ್ಲಿ 324. ಸರಿಯಾದದ್ದು 224. ಎರಡಕ್ಕೂ ಒಂದೇ ಥರದ ಕೆಂಪು ಇಂಟು ಬೀಳುತ್ತದೆ, ಕೆಳಗೆ ‘ಗಮನವಿಟ್ಟು ಮಾಡು’ ಎಂಬ ಷರಾ.

ಮೊದಲ ಮಗು ಗಮನವಿಟ್ಟೇ ಮಾಡಿದೆ. ಪ್ರತಿ ಮನೆಯಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ: 8ರಲ್ಲಿ 2 ಹೋದರೆ 6, 7ರಲ್ಲಿ 0 ಹೋದರೆ 7, 4ರಲ್ಲಿ 1 ಹೋದರೆ 3. ಯಾವುದು ಮೇಲಿದೆ, ಯಾವುದು ಕೆಳಗಿದೆ ಎಂಬುದನ್ನು ಅದು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಎರಡನೆಯದಕ್ಕೆ ಸಾಲ ತರುವುದು ಗೊತ್ತು. ಸೊನ್ನೆಯನ್ನು 9 ಮಾಡಿ, ಬಿಡಿ ಸ್ಥಾನಕ್ಕೆ ಹತ್ತು ತಂದು 12 ಮಾಡಿಕೊಂಡಿದೆ; ಆ ಸಾಲ ಬಂದದ್ದು ನೂರರ ಮನೆಯಿಂದ ಎಂಬುದು ಮರೆತು 4ನ್ನು ಹಾಗೇ ಬಿಟ್ಟಿದೆ. ಒಂದಕ್ಕೆ ಹತ್ತರ ಕಡ್ಡಿ ಕಟ್ಟು ಬಿಚ್ಚಿ ತೋರಿಸಬೇಕು, ಇನ್ನೊಂದಕ್ಕೆ ಒಂದೇ ಪ್ರಶ್ನೆ ಸಾಕು: “ಸೊನ್ನೆ ಹತ್ತಿರ ಏನೂ ಇರಲಿಲ್ಲ, ಬಿಡಿಗೆ ಕೊಡೋಕೆ ಅದು ಯಾರ ಹತ್ತಿರ ತಗೊಂಡಿತು?” ಈ ವ್ಯತ್ಯಾಸ ಹೇಳದ ತಿದ್ದುಪಡಿಯಿಂದ ಮಗುವಿಗೆ ತಿಳಿಯುವುದು ಒಂದೇ, ತನಗೆ ಲೆಕ್ಕ ಬರುವುದಿಲ್ಲ ಎಂಬುದು.

ತಿದ್ದಿದರೆ ಹೇಗೂ ಒಳ್ಳೆಯದಾಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿ. ಕ್ಲೂಗರ್ ಮತ್ತು ಡಿನಿಸಿ ಎಂಬ ಸಂಶೋಧಕರು 1996ರಲ್ಲಿ ಹಿಮ್ಮಾಹಿತಿಯ (ಮಾಡಿದ ಕೆಲಸ ಹೇಗಾಗಿದೆ ಎಂದು ಹೇಳುವ ಫೀಡ್‌ಬ್ಯಾಕ್) ಬಗ್ಗೆ ಆವರೆಗೆ ನಡೆದ ಅಧ್ಯಯನಗಳಿಂದ ಆರುನೂರಕ್ಕೂ ಹೆಚ್ಚು ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದರು. ಸರಾಸರಿಯಲ್ಲಿ ಲಾಭವೇ ಕಂಡಿತು, ಆದರೆ ಮೂರರಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಹಿಮ್ಮಾಹಿತಿ ಸಿಕ್ಕ ಮೇಲೆ ಕೆಲಸ ಮೊದಲಿಗಿಂತ ಕೆಟ್ಟಿತ್ತು. ಗಮನ ಕೆಲಸದ ಮೇಲಿಂದ ‘ನಾನು ಎಂಥವನು’ ಎಂಬುದರ ಮೇಲೆ ಸರಿದಷ್ಟೂ ಅದರ ಫಲ ಕಡಿಮೆ ಎಂಬುದು ಅವರ ವಿವರಣೆ. ಮೃದುವಾಗಿ ಹೇಳಬೇಕು ಎನ್ನುವುದು ಬರೀ ಸೌಜನ್ಯದ ಮಾತಲ್ಲ ಎನ್ನುವುದು ಇದಕ್ಕೇ. ಹೆದರಿದ ಮಗು ಲೆಕ್ಕವನ್ನು ನೋಡುವುದಿಲ್ಲ, ನಿಮ್ಮ ಮುಖವನ್ನು ನೋಡುತ್ತದೆ.

ಹಾಗಾದರೆ ಹೊಗಳೋಣವೇ? ಅದರಲ್ಲೂ ಎಡವುವ ಜಾಗಗಳಿವೆ. ಮ್ಯೂಲರ್ ಮತ್ತು ಡ್ವೆಕ್ ಎಂಬ ಮನೋವಿಜ್ಞಾನಿಗಳು 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಐದನೇ ತರಗತಿಯ ಮಕ್ಕಳಲ್ಲಿ ಕೆಲವರನ್ನು ಬುದ್ಧಿವಂತರೆಂದೂ ಕೆಲವರನ್ನು ಚೆನ್ನಾಗಿ ಶ್ರಮಪಟ್ಟರೆಂದೂ ಹೊಗಳಿದ್ದರು. ಬುದ್ಧಿವಂತರೆನಿಸಿಕೊಂಡವರಲ್ಲಿ ಹೆಚ್ಚಿನವರು ತಮಗೆ ಚೆನ್ನಾಗಿ ಬರುವಂಥ ಸಮಸ್ಯೆಗಳನ್ನೇ ಆರಿಸಿಕೊಂಡರು, ಕಷ್ಟದ ಸಮಸ್ಯೆಗಳು ಎದುರಾದ ಮೇಲೆ ಮುಂದುವರಿಸುವ ಆಸೆ ಅವರಲ್ಲೇ ಕಡಿಮೆಯಾಯಿತು, ತಮ್ಮ ಅಂಕವನ್ನು ಇತರರಿಗೆ ಹೆಚ್ಚಿಸಿ ಹೇಳಿದವರೂ ಅವರಲ್ಲೇ ಹೆಚ್ಚು. ನಮ್ಮ ಮನೆಗಳಲ್ಲಿ ‘ಜಾಣ ಮರಿ’, ‘ಬುದ್ಧಿವಂತೆ ನನ್ನ ಮಗಳು’ ಎನ್ನುವುದು ಮುದ್ದಿನ ಮಾತು, ಅದನ್ನು ಬಿಡಬೇಕಾಗಿಲ್ಲ. ನೋಟ್‌ಬುಕ್ ಕೈಯಲ್ಲಿರುವಾಗ ಮಾತ್ರ ಬೇಡ. ಆಗ ಹೇಳಬೇಕಾದದ್ದು ಪುಟದಲ್ಲಿ ಕಾಣುವ ಸಂಗತಿ, ಜಾತ್ರೆಯ ಪ್ರಬಂಧವಾದರೆ ಹೀಗೆ: “ತೇರು ಎಳೆಯೋ ಭಾಗದಲ್ಲಿ ಹಗ್ಗ ಕೈಗೆ ಚುಚ್ಚಿದ್ದು ಬರೆದಿದ್ದೀಯಲ್ಲ, ಅಲ್ಲಿ ನಾನೇ ನಿಂತು ನೋಡಿದ ಹಾಗಾಯ್ತು.” ಇಷ್ಟು ಕೇಳಿದ ಮಗುವಿಗೆ ಮುಂದಿನ ಸಲ ಏನನ್ನು ಮತ್ತೆ ಮಾಡಬೇಕೆಂದು ಗೊತ್ತಾಗುತ್ತದೆ; ‘ಸೂಪರ್’ ಎಂದರೆ ಗೊತ್ತಾಗುವುದಿಲ್ಲ. ‘ಚೆನ್ನಾಗಿ ಬರೆದಿದ್ದೀಯ, ಆದರೆ...’ ಎಂಬ ಜೋಡಣೆಯೂ ನಾಲ್ಕೈದು ಸಲಕ್ಕೆ ಸವೆದುಹೋಗುತ್ತದೆ. ಮಕ್ಕಳು ಹೊಗಳಿಕೆಯನ್ನು ಕೇಳಿಸಿಕೊಳ್ಳುವುದನ್ನೇ ಬಿಟ್ಟು ‘ಆದರೆ’ಗೆ ಕಾಯುತ್ತಾರೆ. ಮೆಚ್ಚಿದ್ದನ್ನು ಹೇಳಿ ಅಲ್ಲಿಗೇ ನಿಲ್ಲಿಸಿ. ತಿದ್ದುವುದನ್ನು ಬೇರೆ ಮಾತಾಗಿ ಶುರುಮಾಡಿ.

ಈಗ ಒಂದು ಪ್ರಬಂಧ ತೆಗೆದುಕೊಳ್ಳೋಣ. ಐದನೇ ತರಗತಿ, ‘ನಮ್ಮೂರ ಜಾತ್ರೆ’, ಹದಿನೈದು ಸಾಲು. ‘ಬಾರತ’, ‘ಅಜನ ಜೊತೆ’, ‘ಆಲು ಕುಡಿದೆ’, ‘ದೂಳು’, ಎಲ್ಲೂ ಪೂರ್ಣವಿರಾಮವಿಲ್ಲ. ಎಲ್ಲಕ್ಕೂ ಗುಂಡು ಸುತ್ತಿದರೆ ಪುಟ ಕೆಂಪಾಗುತ್ತದೆ, ಮಗುವಿಗೆ ಎಲ್ಲಿಂದ ಶುರು ಮಾಡಬೇಕೆಂದೇ ತಿಳಿಯುವುದಿಲ್ಲ. ಇಲ್ಲಿರುವುದು ನಾಲ್ಕು ಬೇರೆ ಬೇರೆ ಜಾತಿಯ ತಪ್ಪು. ಭ, ಧ ಹೋಗಿ ಬ, ದ ಆಗಿರುವುದು ಮಹಾಪ್ರಾಣದ್ದು. ‘ಅಜ್ಜ’ದ ಒತ್ತು ಬಿಟ್ಟಿರುವುದು ಒತ್ತಕ್ಷರದ್ದು. ‘ಹಾಲು’ ‘ಆಲು’ ಆಗಿರುವುದು ಮನೆಮಾತಿನಿಂದ ಬಂದದ್ದು. ಹಳೇ ಮೈಸೂರು ಕಡೆಯ ಎಷ್ಟೋ ಮನೆಗಳಲ್ಲಿ ಹಾಗೇ ಆಡುತ್ತಾರೆ, ಮಗು ಕಿವಿಗೆ ಕೇಳಿಸಿದ್ದನ್ನೇ ನಿಷ್ಠೆಯಿಂದ ಬರೆದಿದೆ. ಅದನ್ನು ತರಗತಿಯ ಮುಂದೆ ಓದಿ ನಗಿಸಿದರೆ ನಕ್ಕದ್ದು ಆ ಮಗುವಿನ ಅಮ್ಮನ ಮಾತಿಗೆ. “ಮಾತಾಡುವಾಗ ಹಾಗೇ ಇರಲಿ, ಬರೆಯುವಾಗ ಹ ಬರುತ್ತೆ” ಎಂದರೆ ಮುಗಿಯಿತು.

ಒಂದು ಪ್ರಬಂಧಕ್ಕೆ ಒಂದು ಜಾತಿಯ ತಪ್ಪು, ಹೆಚ್ಚೆಂದರೆ ಎರಡು. ಯಾವುದನ್ನು ಮೊದಲು ಹಿಡಿಯಬೇಕು? ಓದುವವರಿಗೆ ಅರ್ಥವೇ ಕೆಡುವಂಥದ್ದನ್ನು. ಈ ಪ್ರಬಂಧದಲ್ಲಿ ಅದು ಪೂರ್ಣವಿರಾಮ, ಕಾಗುಣಿತ ಆಮೇಲೆ. ಮಗುವಿನ ಕೈಯಲ್ಲೇ ಗಟ್ಟಿಯಾಗಿ ಓದಿಸಿ. ಎಲ್ಲಿ ಉಸಿರು ನಿಲ್ಲಿಸುತ್ತದೋ ಅಲ್ಲಿ ಪೆನ್ಸಿಲ್ಲಿನಿಂದ ಚುಕ್ಕಿ ಇಡಲಿ. ಅರ್ಧದಷ್ಟು ಚುಕ್ಕಿ ಸರಿಯಾದ ಜಾಗದಲ್ಲೇ ಬೀಳುತ್ತದೆ. ಕಾಗುಣಿತಕ್ಕಾದರೆ ತಪ್ಪು ಪದದ ಮೇಲೆ ಗುಂಡು ಸುತ್ತುವ ಬದಲು ಆ ಸಾಲಿನ ಅಂಚಿನಲ್ಲಿ ಒಂದು ಚುಕ್ಕೆ ಇಟ್ಟು “ಈ ಸಾಲಿನಲ್ಲಿ ಒಂದು ಒತ್ತು ತಪ್ಪಿಸಿಕೊಂಡಿದೆ, ಹುಡುಕು” ಎನ್ನಿ. ಹುಡುಕಿದ್ದು ಉಳಿಯುತ್ತದೆ, ನೀವು ಬರೆದುಕೊಟ್ಟ ಸರಿಯುತ್ತರ ಕಣ್ಣಿಗೆ ಬಿದ್ದು ಹೋಗುತ್ತದೆ. ಒಂದನೇ ಎರಡನೇ ತರಗತಿಯವರಿಗೆ ಇದು ಆಗದು. ಅವರಿಗೆ ಅಲ್ಲೇ, ಆಗಲೇ, ಬಾಯಲ್ಲೇ ಒಂದು ವಿಷಯ ಹೇಳಿ ಮಾಡಿಸಬೇಕು.

ತಪ್ಪಿದ ಪದವನ್ನು ಹತ್ತು ಸಲ ಬರೆಸುವ ಇಂಪೊಸಿಷನ್‌ನಲ್ಲಿ ನನಗೆ ನಂಬಿಕೆಯಿಲ್ಲ. ಮೂರನೇ ಸಾಲಿನಿಂದಾಚೆಗೆ ಮಗು ಪದವನ್ನು ನೆನಪಿಸಿಕೊಳ್ಳುತ್ತಿರುವುದಿಲ್ಲ, ಮೇಲಿನ ಸಾಲನ್ನು ನಕಲು ಮಾಡುತ್ತಿರುತ್ತದೆ. ನಡುವೆ ಒಂದು ಸಲ ‘ಅಜ’ ಎಂದಾದರೆ ಕೆಳಗಿನ ಉಳಿದವೆಲ್ಲ ‘ಅಜ’. ಅದರ ಬದಲು ನೋಡಿಕೊಂಡು ಒಂದು ಸಲ, ಮುಚ್ಚಿಟ್ಟು ಎರಡು ಸಲ, ಮಾರನೆಯ ದಿನ ಒಂದು ಸಲ, ವಾರ ಬಿಟ್ಟು ಇನ್ನೊಂದು ಸಲ. ಬರೆದದ್ದು ಐದೇ ಸಲ, ನಾಲ್ಕು ಸಲ ತಲೆಯಿಂದ ತೆಗೆದಂತಾಯಿತು.

“ಗೊತ್ತಾಯ್ತಾ?” ಎಂದು ಕೇಳಬೇಡಿ. “ಹೂಂ ಮಿಸ್” ಎಂಬುದೇ ಉತ್ತರ. 402ರ ಲೆಕ್ಕ ಅರ್ಥವಾಯಿತೋ ಇಲ್ಲವೋ ಎಂದು ತಿಳಿಯಲು 503ರಿಂದ 267 ಕಳೆಯಲು ಕೊಡಿ. 236 ಬಂದರೆ ಸರಿ. 364 ಬಂದರೆ ಹಳೇ ದಾರಿಯೇ, 336 ಬಂದರೆ ಸೊನ್ನೆಯ ಸಾಲ ಇನ್ನೂ ನೂರರ ಮನೆಗೆ ಮುಟ್ಟಿಲ್ಲ. ತಿದ್ದಿದ ಮೇಲೆ ಮಗು ಮಾಡುವ ಈ ಎರಡನೇ ಪ್ರಯತ್ನಕ್ಕೆ ತರಗತಿಯಲ್ಲೇ ಹತ್ತು ನಿಮಿಷ ಇಡದಿದ್ದರೆ ನಿಮ್ಮ ಷರಾ ಯಾರೂ ಓದದ ಬರಹ.

ಸಮಯ ಎಲ್ಲಿದೆ ಎಂಬ ಶಿಕ್ಷಕರ ಪ್ರಶ್ನೆ ನ್ಯಾಯವಾದದ್ದು. ನಲವತ್ತು ನೋಟ್‌ಬುಕ್ಕಿಗೆ ಮೂರು ಮೂರು ನಿಮಿಷವೆಂದರೂ ಎರಡು ಗಂಟೆ, ಅದೂ ಒಂದೇ ವಿಷಯಕ್ಕೆ. ಎಲ್ಲವನ್ನೂ ಬೇಗ ಬೇಗ ಓದಿ, ಒಂದು ಹಾಳೆಯಲ್ಲಿ ಹೆಚ್ಚು ಕಂಡ ಮೂರು ತಪ್ಪುಗಳನ್ನು ಗುರುತು ಹಾಕಿಕೊಳ್ಳಿ, ಮಾರನೆಯ ದಿನ ಅವನ್ನು ಯಾರ ಹೆಸರೂ ಎತ್ತದೆ ಬೋರ್ಡಿನ ಮೇಲೆ ಮಕ್ಕಳ ಕೈಯಲ್ಲೇ ತಿದ್ದಿಸಿ. ವಿವರವಾಗಿ ನೋಡುವುದು ದಿನಕ್ಕೆ ಹತ್ತು ನೋಟ್‌ಬುಕ್ ಮಾತ್ರ, ಸರದಿಯಲ್ಲಿ.

ಅಂಕದ ವಿಚಾರ ಬೇರೆ. ರೂತ್ ಬಟ್ಲರ್ ಎಂಬ ಸಂಶೋಧಕಿ 1988ರಲ್ಲಿ ಇಸ್ರೇಲಿನ ಶಾಲೆಗಳಲ್ಲಿ ಕಂಡದ್ದು ಇದು: ಬರೀ ಟಿಪ್ಪಣಿ ಪಡೆದ ಮಕ್ಕಳ ಕೆಲಸವೂ ಆಸಕ್ತಿಯೂ ಸುಧಾರಿಸಿತು, ಅಂಕದ ಜೊತೆ ಟಿಪ್ಪಣಿ ಪಡೆದವರಲ್ಲಿ ಆ ಲಾಭ ಕಾಣಲಿಲ್ಲ. ಅಂಕ ಕಂಡೊಡನೆ ಕಣ್ಣು ಪಕ್ಕದವರ ಪೇಪರಿಗೆ ಹೋಗುತ್ತದೆ. ನಮ್ಮ ಶಾಲೆಗಳಲ್ಲಿ ವರ್ಷದ ನಡುವೆ ನಡೆಯುವ ರೂಪಣಾತ್ಮಕ (ಎಫ್‌ಎ) ಪರೀಕ್ಷೆಗೂ ಅಂಕ ಕೊಡದೆ ವಿಧಿಯಿಲ್ಲ, ಪೋಷಕರೂ ಬಿಡುವುದಿಲ್ಲ. ಟಿಪ್ಪಣಿಯಿರುವ ಪೇಪರನ್ನು ಮೊದಲ ದಿನ ಕೊಟ್ಟು, ತಿದ್ದಿಸಿ, ಅಂಕವನ್ನು ಮಾರನೆಯ ದಿನ ಹೇಳಲು ಮಾತ್ರ ಯಾವ ಆದೇಶವೂ ಬೇಕಿಲ್ಲ. ಕ್ಲಾಸಿನ ವಾಟ್ಸ್ಆ್ಯಪ್ ಗುಂಪಿಗೆ ಎಲ್ಲರ ಅಂಕಪಟ್ಟಿ ಹಾಕುವುದನ್ನಂತೂ ನಿಲ್ಲಿಸಲೇಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಹೊಡೆಯುವುದರ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ ಎಂಬುದು ನೆನಪಿರಲಿ.

ಮನೆಯಲ್ಲಿ ಹೊತ್ತು ಮುಖ್ಯ. ಶಾಲೆಯಿಂದ ಹಸಿದು ಬಂದ ಕೂಡಲೇ ಬೇಡ, ಊಟದ ತಟ್ಟೆಯ ಮುಂದೆ ಬೇಡ, ನೆಂಟರೆದುರು ಖಂಡಿತ ಬೇಡ. “ಪಕ್ಕದ ಮನೆ ಹುಡುಗೀನ ನೋಡು” ಎಂಬ ಮಾತು ಲೆಕ್ಕ ಕಲಿಸುವುದಿಲ್ಲ, ಆ ಹುಡುಗಿಯ ಮೇಲೆ ದ್ವೇಷ ಕಲಿಸುತ್ತದೆ. “ಯಾಕೆ ಹೀಗೆ ಮಾಡಿದೆ?” ಎಂದರೆ ಮಗುವಿನ ಬಳಿ ಉತ್ತರವಿಲ್ಲ. “ಹೇಗೆ ಮಾಡಿದೆ, ತೋರಿಸು ಪುಟ್ಟಾ” ಎಂದರೆ ಇದೆ, ತಪ್ಪಿನ ಜಾಗವೂ ಆಗಲೇ ಸಿಗುತ್ತದೆ. ಕಣ್ಣಲ್ಲಿ ನೀರು ಬಂತೆಂದರೆ ಅಂದಿಗೆ ಪುಸ್ತಕ ಮುಚ್ಚಿ, ನಾಳೆ ಬೆಳಿಗ್ಗೆ ಐದು ನಿಮಿಷ ಸಾಕು. ಎಂಟನೇ ತರಗತಿ ದಾಟಿದವರಿಗೆ ತಂಗಿ ತಮ್ಮಂದಿರ ಎದುರು ಹೇಳಿದ್ದು ಯಾವುದೂ ಕಿವಿಗೆ ಹೋಗುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಅದೇ ತಪ್ಪು ಮೂರು ನಾಲ್ಕು ವಾರ ಹಾಗೇ ಉಳಿದರೆ ಹೇಳುವ ರೀತಿಯನ್ನು ಬಿಟ್ಟು ಬೇರೆ ಕಾರಣ ಹುಡುಕಬೇಕು. ಬೋರ್ಡಿನಿಂದ ಬರೆದುಕೊಂಡದ್ದರಲ್ಲೇ ತಪ್ಪುಗಳಿದ್ದರೆ ಮೊದಲು ಕಣ್ಣು ಪರೀಕ್ಷೆ. ಉಕ್ತಲೇಖನದಲ್ಲಿ ಮಾತ್ರ ಹೆಚ್ಚು ತಪ್ಪುಗಳಾಗುತ್ತಿದ್ದರೆ ಕಿವಿ ಪರೀಕ್ಷೆ. ಎರಡೂ ಸರಿಯಿದ್ದು, ಮೂರನೇ ತರಗತಿ ಮುಗಿದರೂ ಕಾಗುಣಿತ, ಒತ್ತಕ್ಷರ ಓದಲು ತಡವರಿಸುತ್ತಿದ್ದರೆ ಕಲಿಕಾ ನ್ಯೂನತೆಯ ತಪಾಸಣೆ ಮಾಡಿಸಿ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ವಾಕ್ ಶ್ರವಣ ಸಂಸ್ಥೆಗಳಲ್ಲಿ ಆ ಸೌಲಭ್ಯವಿದೆ. ಹೋಗುವಾಗ ಹೋದ ವರ್ಷದ್ದೂ ಸೇರಿ ಎರಡು ಮೂರು ನೋಟ್‌ಬುಕ್ ಜೊತೆಗಿರಲಿ. ಯಾರೂ ತಿದ್ದದ ಪುಟಗಳಿದ್ದರೆ ಇನ್ನೂ ಒಳ್ಳೆಯದು, ಮಗು ತಾನಾಗಿ ಹೇಗೆ ಬರೆಯುತ್ತದೆ ಎಂಬುದು ಅಲ್ಲಿಯವರಿಗೆ ಅದರಿಂದಲೇ ಗೊತ್ತಾಗುತ್ತದೆ.