ಚಕ್ರಕ್ಕೆ ಲಾಕ್ ಹಾಕೋ ಅಧಿಕಾರ ಯಾರಿಗಿದೆ, ನಿಮ್ಮ ನಂಬರ್ ಪ್ಲೇಟು ಹೇಗಿರ್ಬೇಕು

ಹೋದ ವರ್ಷ ಶ್ರಾವಣದಲ್ಲಿ ಒಂದು ಶನಿವಾರ ಮಧ್ಯಾಹ್ನ ಗುಬ್ಬಿ ಕಡೆ ಹುಡುಗ ಒಬ್ಬ ಫೋನ್ ಮಾಡಿದ, ಅವರಪ್ಪನ ಜಮೀನಿನ ಕೇಸು ನಮ್ಮ ಆಫೀಸಲ್ಲೇ ಇದೆ, ಹಾಗಾಗಿ ನನ್ನ ನಂಬರ್ ಇತ್ತು. "ಸಾರ್, ಬಿ.ಎಚ್. ರೋಡಲ್ಲಿ ಒಂದು ಕಾಂಪ್ಲೆಕ್ಸ್ ಒಳಗೆ ಕಾರ್ ಹಾಕಿದ್ದೆ, ತಂಗಿ ಮದ್ವೆಗೆ ಬಟ್ಟೆ ತಗೊಂಡು ಬರೋಷ್ಟರಲ್ಲಿ ಚಕ್ರಕ್ಕೆ ಲಾಕ್ ಹಾಕ್ಬಿಟ್ಟವ್ರೆ, 1500 ರೂಪಾಯಿ ಫೈನ್ ಕಟ್ಟಿದ್ರೇನೇ ತೆಗಿಯೋದು ಅಂತಾರೆ" ಅಂದ. ದುಡ್ಡು ಕೊಡ್ಬೇಡ, ಜಗಳಾನೂ ಆಡ್ಬೇಡ, 112ಕ್ಕೆ ಫೋನ್ ಮಾಡು, ನಾನು ಬರ್ತೀನಿ ಅಂದೆ.

ಈ ಥರ ಫೋನು ನನಗೆ ಈಗ ತಿಂಗಳಿಗೆ ಒಂದಾದ್ರೂ ಬರುತ್ತೆ. ತುಮಕೂರು ಕೋರ್ಟಲ್ಲಿ ಮೋಟಾರ್ ವಾಹನದ ಕೇಸುಗಳನ್ನೇ ಜಾಸ್ತಿ ನೋಡೋನು ನಾನು, ಅದಕ್ಕೇ ಇದನ್ನ ಒಂದ್ಸಲ ಬಿಡಿಸಿ ಹೇಳೋಣ ಅಂತ ಕೂತಿದ್ದೀನಿ.

ಮೊದಲು ಲಾಕ್ ವಿಷಯ. ಮೋಟಾರ್ ವಾಹನ ಕಾಯ್ದೆ 1988ರ 127ನೇ ಸೆಕ್ಷನ್ ತೆಗೆದು ನೋಡಿ, ಗಾಡಿನ ಸಾರ್ವಜನಿಕ ಜಾಗದಲ್ಲಿ ಹತ್ತು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ಯಾರೂ ಇಲ್ಲದೆ ಬಿಟ್ಟು ಹೋಗಿದ್ರೆ, ಇಲ್ಲಾ ಕಾನೂನು ಪ್ರಕಾರ ಪಾರ್ಕಿಂಗ್ ನಿಷೇಧ ಇರೋ ಕಡೆ ನಿಲ್ಲಿಸಿದ್ರೆ, ಅದನ್ನ ಟೋ ಮಾಡಿಸೋಕೆ ಅಥವಾ ಚಕ್ರಕ್ಕೆ ಕ್ಲ್ಯಾಂಪ್ ಹಾಕಿಸೋಕೆ ಅನುಮತಿ ಕೊಡಬಹುದಾದವರು ಯೂನಿಫಾರ್ಮ್‌ನಲ್ಲಿರೋ ಪೊಲೀಸ್ ಅಧಿಕಾರಿ. ಕಾಂಪ್ಲೆಕ್ಸ್ ಸೆಕ್ಯೂರಿಟಿ ಅಲ್ಲ, ಪಾರ್ಕಿಂಗ್ ಗುತ್ತಿಗೆದಾರ ಅಲ್ಲ, ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಸೆಕ್ರೆಟರಿನೂ ಅಲ್ಲ. ಫೈನ್ ಅನ್ನೋ ಮಾತೇ ಸರ್ಕಾರದ್ದು. ಖಾಸಗಿ ಜಾಗದೋರು ಶುಲ್ಕ ಕೇಳಬಹುದು, ಒಳಗೆ ಬಿಡಲ್ಲ ಅನ್ನಬಹುದು, ತಮ್ಮ ಜಾಗದಲ್ಲಿ ಯಾರೋ ಗಾಡಿ ಬಿಟ್ಟು ಹೋದ್ರೆ ಪೊಲೀಸರನ್ನ ಕರೀಬಹುದು, ನಷ್ಟ ಆಗಿದ್ರೆ ಸಿವಿಲ್ ಕೋರ್ಟಿಗೆ ಹೋಗಬಹುದು, ಅಷ್ಟೇ.

ಅಲ್ಲಾ ಸಾರ್, ಬೋರ್ಡ್ ಹಾಕಿದ್ರಲ್ಲಾ, ಟೋಕನ್ ಹಿಂದೆ ಬರೆದಿದ್ರಲ್ಲಾ ಅಂತ ಕೇಳ್ತಾರೆ. ಸರಿ, ಬೋರ್ಡ್ ಓದಿ ಒಳಗೆ ಹೋದ್ರೆ ಅದೊಂದು ಒಪ್ಪಂದ ಅಂತಾನೇ ಇಟ್ಕೊಳಿ, ಆಗ್ಲೂ ಕರಾರು ಕಾಯ್ದೆ 74ನೇ ಸೆಕ್ಷನ್ ಪ್ರಕಾರ ಬರೆದಿರೋ ಮೊತ್ತ ಮಿತಿ ಮಾತ್ರ, ಸಿಗೋದು ಆ ಮಿತಿಯೊಳಗೆ ನ್ಯಾಯವಾದ ಪರಿಹಾರ. ಇಪ್ಪತ್ತು ರೂಪಾಯಿ ಪಾರ್ಕಿಂಗಿಗೆ ಟೋಕನ್ ಕಳೆದಿದ್ದಕ್ಕೆ 500 ಕೊಡಿ ಅಂದ್ರೆ ಅದು ನ್ಯಾಯ ಅಂತ ಯಾವ ಜಡ್ಜೂ ಸುಲಭಕ್ಕೆ ಒಪ್ಪಲ್ಲ. ದುಡ್ಡು ಬರೋವರೆಗೂ ಗಾಡಿ ಹಿಡ್ಕೊಂಡಿರ್ತೀನಿ ಅನ್ನೋ ಹಕ್ಕು ಅದೇ ಕಾಯ್ದೆ 170ರಲ್ಲಿದೆ, ಆದ್ರೆ ಅದು ಒಪ್ಪಿಸಿದ ವಸ್ತು ಮೇಲೆ ದುಡಿಮೆನೋ ಕೌಶಲನೋ ಹಾಕಿದೋರಿಗೆ, ಅಂದ್ರೆ ನಿಮ್ಮ ಕಾರು ರಿಪೇರಿ ಮಾಡಿದ ಗ್ಯಾರೇಜಿನೋರಿಗೆ. ನೀವೇ ಓಡಿಸ್ಕೊಂಡು ಬಂದು ನಿಲ್ಲಿಸಿ ಕೀ ಜೇಬಲ್ಲಿಟ್ಟುಕೊಂಡ ಗಾಡಿ ಮೇಲೆ ಪಾರ್ಕಿಂಗಿನೋನು ಏನು ದುಡಿದಿರ್ತಾನೆ ಹೇಳಿ.

ನಾನು ಹೋಗೋ ಹೊತ್ತಿಗೆ ಪೊಲೀಸರು ಬಂದಿದ್ರು, ಎಎಸ್‌ಐ ಒಬ್ರು ಸಮಾಧಾನವಾಗಿ ಕೇಳಿಸ್ಕೊಂಡ್ರು, ಲಾಕ್ ತೆಗಿಸಿದ್ರು. ಆಮೇಲೆ ಅವರ ಕಣ್ಣು ಕಾರಿನ ಮುಂದೆ ಹೋಯ್ತು. ಕೆಎ-06 ಗಾಡಿ, ನಂಬರ್ 8055, ಅದನ್ನ ಇಂಗ್ಲಿಷಲ್ಲಿ ಬಾಸ್ ಅಂತ ಓದೋ ಹಾಗೆ ತಿರುಚಿ ಬರೆಸಿದ್ದ, ಮೇಲೆ ಸಣ್ಣದಾಗಿ ಮನೆದೇವ್ರ ಹೆಸರು. ಹುಡುಗ ನ್ಯಾಯ ಕೇಳೋಕೆ ಕರೆಸಿದ ಪೊಲೀಸರೇ ಅವನಿಗೆ 500 ರೂಪಾಯಿ ದಂಡ ಬರೆದ್ರು. ಅವರು ಮಾಡಿದ್ದು ಸರಿಯಾಗೇ ಇತ್ತು, ನಾನೂ ಅವನಿಗೆ ಅದನ್ನೇ ಹೇಳ್ದೆ.

ಕೇಂದ್ರ ಮೋಟಾರ್ ವಾಹನ ನಿಯಮ 1989ರಲ್ಲಿ 50 ಮತ್ತು 51ನೇ ನಿಯಮ ಪೂರ್ತಿ ಪ್ಲೇಟಿಗೇ ಮೀಸಲು. ಕಾರಿಗೆ ಅಕ್ಷರದ ಎತ್ತರ 65 ಮಿಲಿಮೀಟರ್, ದಪ್ಪ 10, ನಡುವೆ ಜಾಗ 10. ಅಕ್ಷರ ಇಂಗ್ಲಿಷಲ್ಲಿ, ಅಂಕಿ 1, 2, 3 ಅಂತ ಬರೆಯೋ ಅಂಕಿನೇ ಇರ್ಬೇಕು, ಪ್ಲೇಟ್ ಮೇಲೆ ಬೇರೆ ಹೆಸರು, ಹುದ್ದೆ, ಚಿತ್ರ ಯಾವುದೂ ಬೇಡ. ಕನ್ನಡ ಅಂಕಿಲಿ ಬರೆಸಿದ್ದಕ್ಕೆ ದಂಡ ಹಾಕಿದ್ರು ಅಂತ ನೋವು ಮಾಡ್ಕೊಂಡು ಬರೋ ಹುಡುಗರಿದ್ದಾರೆ, ಆ ನೋವು ನನಗೂ ಅರ್ಥ ಆಗುತ್ತೆ, ಆದ್ರೆ ನಿಯಮ ಬದಲಾಗೋವರೆಗೆ ಕನ್ನಡನ ಹಿಂದಿನ ಗಾಜಿನ ಕೆಳಗೆ ದೊಡ್ಡದಾಗಿ ಬರೆಸಿ, ಪ್ಲೇಟ್ ಮುಟ್ಬೇಡಿ. ಅಡ್ವೊಕೇಟ್ ಅಂತ ಪ್ಲೇಟ್ ಮೇಲೆ ಬರೆಸಿರೋ ನಮ್ಮ ವಕೀಲ ಮಿತ್ರರಿಗೂ ನಾನು ಇದೇ ಮಾತು ಹೇಳ್ತೀನಿ.

ಎಚ್‌ಎಸ್‌ಆರ್‌ಪಿ, ಅಂದ್ರೆ ಹೈ ಸೆಕ್ಯೂರಿಟಿ ನಂಬರ್ ಪ್ಲೇಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು. 2019 ಏಪ್ರಿಲ್ 1ರಿಂದ ಹೊಸ ಗಾಡಿಗೆ ಕಂಪನಿಯಿಂದಲೇ ಬರ್ತಿದೆ, ಅದಕ್ಕಿಂತ ಹಳೇವಕ್ಕೆ ನಮ್ಮ ರಾಜ್ಯ 2023ರ ಆಗಸ್ಟಲ್ಲಿ ಆದೇಶ ಮಾಡ್ತು, ಆಮೇಲೆ ಗಡುವು ಮುಂದೆ ಹೋಗ್ತಾನೇ ಇತ್ತು, ಜನ ಅದನ್ನೇ ನೆಪ ಮಾಡ್ಕೊಂಡು ಸುಮ್ನಾದ್ರು. ಇನ್ನು ಕೆಲವರು ಅಂಗಡಿಲಿ ಐಎನ್‌ಡಿ ಅಂತ ನೀಲಿ ಸ್ಟಿಕ್ಕರ್ ಅಂಟಿಸಿದ ಪ್ಲೇಟ್ ಹಾಕಿಸ್ಕೊಂಡು ಇದೇ ಎಚ್‌ಎಸ್‌ಆರ್‌ಪಿ ಅಂತ ನಂಬಿದ್ದಾರೆ. ಅಸಲಿ ಪ್ಲೇಟಿನ ಎಡಗಡೆ ಮೇಲೆ 20 ಮಿಲಿಮೀಟರ್ ಚೌಕದ ಅಶೋಕ ಚಕ್ರದ ಹೊಲೋಗ್ರಾಮ್ ಇರುತ್ತೆ, ಕೆಳಗೆ ಲೇಸರ್‌ನಲ್ಲಿ ಕೊರೆದ ಸೀರಿಯಲ್ ನಂಬರ್ ಇರುತ್ತೆ, ಅದು ನಿಮ್ಮ ಗಾಡಿ ದಾಖಲೆಗೆ ಸೇರಿರುತ್ತೆ, ಒಂದ್ಸಲ ಸ್ನ್ಯಾಪ್ ಲಾಕ್ ಬಿದ್ರೆ ಮುರೀದೆ ಬಿಚ್ಚೋಕಾಗಲ್ಲ. ಬುಕ್ ಮಾಡೋದು ಸಾರಿಗೆ ಇಲಾಖೆ ವೆಬ್‌ಸೈಟ್ ಮೂಲಕ, ವಾಟ್ಸಾಪಲ್ಲಿ ಬಂದ ಲಿಂಕಿಗೆ ದುಡ್ಡು ಹಾಕಿ ಕಳ್ಕೊಂಡೋರನ್ನ ನೋಡಿದ್ದೀನಿ.

ಇದರಿಂದ ನಿಮಗೇನು ಲಾಭ ಅಂದ್ರೆ, ಕ್ಯಾತ್ಸಂದ್ರದ ನಿವೃತ್ತ ಮೇಡಂ ಒಬ್ರಿಗೆ ಬೆಂಗಳೂರಿನ ನೋ ಪಾರ್ಕಿಂಗ್ ಚಲನ್ ಬಂತು, ಅವತ್ತು ಅವರ ಕಾರು ಮನೆ ಶೆಡ್ ಬಿಟ್ಟು ಕದಲಿರಲಿಲ್ಲ. "ನಾನು ಜೀವನದಲ್ಲಿ ಒಬ್ಬರ ಹತ್ರ ಮಾತು ಕೇಳಿದೋಳಲ್ಲ ಲಾಯರ್ರೇ" ಅಂತ ಕಣ್ಣೀರು ಹಾಕ್ಬಿಟ್ರು. ಚಲನ್ ಫೋಟೋ ದೊಡ್ಡದು ಮಾಡಿ ನೋಡಿದ್ರೆ ಅದೇ ಬಣ್ಣದ ಕಾರು, ಅದೇ ನಂಬರು, ಆದ್ರೆ ಪ್ಲೇಟ್ ಮಾಮೂಲಿದು, ಹೊಲೋಗ್ರಾಮ್ ಇಲ್ಲ. ಇವರದ್ದಕ್ಕೆ ಎಚ್‌ಎಸ್‌ಆರ್‌ಪಿ ಹಾಕಿಸಿ ಆರು ತಿಂಗಳಾಗಿತ್ತು. ಆರ್‌ಸಿ, ಎರಡೂ ಪ್ಲೇಟಿನ ಫೋಟೋ, ಪ್ಲೇಟ್ ಹಾಕಿಸಿದ ರಸೀದಿ ಇಟ್ಟು ಚಲನ್ ಹಾಕಿದ ಟ್ರಾಫಿಕ್ ಠಾಣೆಗೆ ಬರೆದುಕೊಟ್ವಿ, ಚಲನ್ ರದ್ದಾಯ್ತು, ನಕಲಿ ಗಾಡಿ ಮೇಲೆ ದೂರೂ ದಾಖಲಾಯ್ತು. ಹಳೇ ಪ್ಲೇಟೇ ಇದ್ದಿದ್ರೆ ಇದು ನನ್ನ ಗಾಡಿ ಅಲ್ಲ ಅಂತ ತೋರ್ಸೋಕೆ ಎಷ್ಟು ಓಡಾಡ್ಬೇಕಿತ್ತೋ.

ಲಂಡನ್ನಲ್ಲಿ ಮಗ ಇರೋ ಪರಿಚಯದೋರು ಒಬ್ರು, ಅಲ್ಲಿ ಖಾಸಗಿ ಪಾರ್ಕಿಂಗ್ ಕಂಪನಿ ಮನೆಗೇ ನೋಟಿಸ್ ಕಳಿಸುತ್ತಂತಲ್ಲ, ಇಲ್ಲೂ ಬರುತ್ತಾ ಅಂತ ಕೇಳಿದ್ರು. ಅಲ್ಲಿ ಡಿವಿಎಲ್‌ಎ ಅನ್ನೋ ಸರ್ಕಾರಿ ಸಂಸ್ಥೆ ಪ್ಲೇಟ್ ನಂಬರ್ ಮೇಲೆ ಓನರ್ ವಿಳಾಸ ಕೊಡೋ ವ್ಯವಸ್ಥೆ ಇದೆ, ಆದ್ರೆ ಅದೇ ಇಂಗ್ಲೆಂಡಲ್ಲಿ 2012ರಿಂದ ಖಾಸಗಿ ಜಾಗದಲ್ಲಿ ಕ್ಲ್ಯಾಂಪ್ ಹಾಕೋದೇ ಅಪರಾಧ. ಅಲ್ಲಿಯ ವಿಡಿಯೋ ನೋಡಿ ಇಲ್ಲಿ ಹೆದರ್ಬೇಡಿ.

ಇನ್ನು 'ಓನರ್ಸ್ ರಿಸ್ಕ್', ಅಂದ್ರೆ ಗಾಡಿಗೆ ಏನಾದ್ರೂ ಹೊಣೆ ಓನರ್‌ದೇ ಅನ್ನೋ ಬೋರ್ಡು. 1998ರಲ್ಲಿ ದೆಹಲಿಯ ಹೋಟೆಲೊಂದರಲ್ಲಿ ಗಾಡಿ ನಿಲ್ಲಿಸಿಕೊಡೋ ವ್ಯಾಲೆಟ್‌ಗೆ ಕೀ ಕೊಟ್ಟ ಮಾರುತಿ ಜೆನ್ ಕಳುವಾಯ್ತು, ಕೇಸು ಸುಪ್ರೀಂ ಕೋರ್ಟ್‌ವರೆಗೂ ಹೋಗಿ 2019ರ ನವೆಂಬರಲ್ಲಿ ತೀರ್ಪು ಬಂತು: ಕೀ ತಗೊಂಡ ಮೇಲೆ ಗಾಡಿ ಜೋಪಾನ ಮಾಡೋದು ಹೋಟೆಲಿನ ಹೊಣೆ, ಟೋಕನ್ ಮೇಲೆ ಏನೇ ಪ್ರಿಂಟ್ ಮಾಡಿದ್ರೂ ತಮ್ಮ ನಿರ್ಲಕ್ಷ್ಯದಿಂದ ಅವರು ತಪ್ಪಿಸ್ಕೊಳೋಕಾಗಲ್ಲ. ಕಲ್ಯಾಣ ಮಂಟಪದಲ್ಲಿ ಕೀ ಕೊಡೋರು ಆ ಟೋಕನ್ನು ಗಾಡಿ ವಾಪಸ್ ಸಿಗೋವರೆಗೂ ಜೋಪಾನ ಮಾಡಿ, ಆಗ್ಲೇ ಅದರ ಫೋಟೋನೂ ತಗೊಂಡಿರಿ. ಕೀ ನಿಮ್ಮ ಹತ್ರಾನೇ ಇದ್ರೆ ಕೇಸು ಇಷ್ಟು ಗಟ್ಟಿ ಇರಲ್ಲ, ಅದನ್ನೂ ತಿಳ್ಕೊಂಡಿರಿ.

ನಿಮ್ಮ ಚಕ್ರಕ್ಕೂ ಲಾಕ್ ಬಿದ್ರೆ, ಲಾಕ್, ಬೋರ್ಡ್, ಟೈಮ್ ಕಾಣೋ ಹಾಗೆ ಫೋಟೋ ತೆಗೀರಿ, ಕಟರ್ ತಂದು ಒಡೀಬೇಡಿ, 112ಕ್ಕೆ ಹೇಳಿ. ಆಸ್ಪತ್ರೆ ಗೀಸ್ಪತ್ರೆ ಅಂತ ಅವಸರ ಇದ್ದು ಕೊಡ್ಲೇಬೇಕಾದ್ರೆ ಯುಪಿಐಲೇ ಕೊಡಿ, ಹೆಸರು ಇರೋ ರಸೀದಿ ಕೇಳಿ, ಒಪ್ಪಿಗೆ ಇಲ್ಲದೆ ಕೊಡ್ತಿದ್ದೀನಿ ಅಂತ ಅದರ ಮೇಲೆ ಬರೀರಿ. ಎರಡು ವರ್ಷದ ಒಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು, ಇಷ್ಟು ಸಣ್ಣ ಮೊತ್ತಕ್ಕೆ ಕೋರ್ಟ್ ಫೀಸೂ ಇಲ್ಲ, ಮೊದಲು ಬೇಕಾದ್ರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಗುಬ್ಬಿ ಹುಡುಗ ಮುಂದಿನ ವಾರಾನೇ ಎಚ್‌ಎಸ್‌ಆರ್‌ಪಿ ಬುಕ್ ಮಾಡಿದ, ತಂಗಿ ಮದ್ವೆಗೆ ನಾನು ಹೋದಾಗ ಹೊಸ ಪ್ಲೇಟ್ ತೋರಿಸಿದ. ಆ ಕಾಂಪ್ಲೆಕ್ಸಲ್ಲಿ 1500 ರೂಪಾಯಿ ಬೋರ್ಡು ಇನ್ನೂ ಹಾಗೇ ಇದೆ, ತೆಗೀರಿ ಅಂತ ಅವನ ಪರವಾಗಿ ನೋಟಿಸ್ ಕಳಿಸಿದ್ದೀನಿ, ಉತ್ತರ ಬಂದಿಲ್ಲ. ಬಿ.ಎಚ್. ರೋಡಲ್ಲಿ ಹೀಗೆ ದುಡ್ಡು ಕಟ್ಟಿ ರಸೀದಿ ಇಟ್ಕೊಂಡಿರೋರು ಯಾರಾದ್ರೂ ಇದ್ರೆ ಅದನ್ನ ತಗೊಂಡು ಆಫೀಸಿಗೆ ಬನ್ನಿ.