ಐಸಿಯು ನ್ಯುಮೋನಿಯಾಗೆ ಹೊಸ ಔಷಧಿ ಯಾಕೆ ಇಷ್ಟು ತಡ?

ಹಾವು ಕಚ್ಚಿ, ಹೆದ್ದಾರಿಯಲ್ಲಿ ತಲೆಗೆ ಪೆಟ್ಟಾಗಿ, ಇಲ್ಲವೇ ಬೆಳೆಗೆ ಹೊಡೆಯುವ ಔಷಧಿ ಕುಡಿದು ದಾವಣಗೆರೆಗೆ ಬರುವವರಲ್ಲಿ ಹಲವರಿಗೆ ವೆಂಟಿಲೇಟರ್ ಬೇಕಾಗುತ್ತದೆ. ಬಂದ ತೊಂದರೆ ಹತೋಟಿಗೆ ಬಂತು ಅನ್ನುವಷ್ಟರಲ್ಲಿ ಕೆಲವರಿಗೆ ಹೊಸದಾಗಿ ಜ್ವರ ಶುರುವಾಗುತ್ತದೆ. ಆಕ್ಸಿಜನ್ ಇಳಿಯುತ್ತದೆ. ಕೊಳವೆಯಿಂದ ಎಳೆದ ಕಫ ಹಳದಿಯಾಗಿ, ಅಂಟಂಟಾಗಿ ಬರುತ್ತದೆ. ಎಕ್ಸ್‌ರೇಯಲ್ಲಿ ಹೊಸ ಬಿಳಿ ಮಚ್ಚೆ. ಆಸ್ಪತ್ರೆ ಸೇರಿ 48 ಗಂಟೆ ಕಳೆದ ಮೇಲೆ ಹೀಗಾದರೆ, ಅದು ಆಸ್ಪತ್ರೆಯಲ್ಲೇ ಅಂಟಿದ ನ್ಯುಮೋನಿಯಾ.

“ಇದಕ್ಕೆ ಹೊಸ ಔಷಧಿ ಇಲ್ವಾ ಡಾಕ್ಟ್ರೇ?” ಅಂತ ಮನೆಯವರು ಕೇಳುತ್ತಾರೆ. ಇವೆ, ಆದರೆ ಬೆರಳೆಣಿಕೆಯಷ್ಟು. ಐಸಿಯುಗಳನ್ನು ಕಾಡುವ ಅಸಿನೆಟೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾಗೆಂದೇ ತಯಾರಾದ ಸಲ್‌ಬ್ಯಾಕ್ಟಮ್-ಡರ್ಲೋಬ್ಯಾಕ್ಟಮ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದೇ 2023ರಲ್ಲಿ.

ಲ್ಯಾಬಿನಲ್ಲಿ ರೋಗಾಣು ಸತ್ತರೆ ಸಾಲದು, ಶ್ವಾಸಕೋಶದಲ್ಲೂ ಸಾಯಬೇಕು. ಡ್ಯಾಪ್ಟೊಮೈಸಿನ್ ರಕ್ತದ ಸೋಂಕಿಗೆ ಒಳ್ಳೆಯ ಔಷಧಿ. ಆದರೆ ಶ್ವಾಸಕೋಶದ ಗಾಳಿಚೀಲಗಳ ಒಳಗೆ ಸವರಿಕೊಂಡಿರುವ ಸರ್ಫ್ಯಾಕ್ಟೆಂಟ್ ಅದನ್ನು ಹಿಡಿದಿಟ್ಟು ಕೆಲಸ ಕೆಡಿಸುತ್ತದೆ. ನ್ಯುಮೋನಿಯಾಗೆ ಅದು ಉಪಯೋಗಕ್ಕಿಲ್ಲ.

ದೊಡ್ಡ ತೊಡಕು ಇರುವುದು ರೋಗಿಯ ಹಾಸಿಗೆ ಪಕ್ಕದಲ್ಲಿ. ಹೊಸ ಔಷಧಿಗೆ ಒಪ್ಪಿಗೆ ಸಿಗಬೇಕಾದರೆ ಮೊದಲು ರೋಗಿಗಳ ಮೇಲೆ ಪ್ರಯೋಗ (ಕ್ಲಿನಿಕಲ್ ಟ್ರಯಲ್) ಮಾಡಿ ನೋಡಬೇಕು. ಹಿಂದಿನ 72 ಗಂಟೆಗಳಲ್ಲಿ, ಈ ನ್ಯುಮೋನಿಯಾಗೆ ನಾಟುವ ಆಂಟಿಬಯೋಟಿಕ್ ಅನ್ನು 24 ಗಂಟೆಗಿಂತ ಜಾಸ್ತಿ ಕೊಟ್ಟಿದ್ದರೆ ಸಾಮಾನ್ಯವಾಗಿ ಪ್ರಯೋಗಕ್ಕೆ ಸೇರಿಸುವುದಿಲ್ಲ. ಈ ಷರತ್ತು ಸುಮ್ನೆ ಇಟ್ಟಿದ್ದಲ್ಲ. ಮೊದಲೇ ಬೇರೆ ಔಷಧಿ ಹೋಗಿದ್ದರೆ, ಗುಣವಾದದ್ದು ಯಾವುದರಿಂದ ಅಂತ ಹೇಳುವುದು ಹೇಗೆ? ಆದರೆ ಬೇರೆ ಕಡೆ ಕೆಲವು ದಿನ ಇದ್ದು, ಹೊಳಲ್ಕೆರೆಯಿಂದಲೋ ಹರಪನಹಳ್ಳಿಯಿಂದಲೋ ಬಂದವರ ಚೀಟಿ ನೋಡಿ. ಒಂದರ ಮೇಲೊಂದು ಆಂಟಿಬಯೋಟಿಕ್: ಸೆಫ್ಟ್ರಿಯಾಕ್ಸೋನ್, ಆಮೇಲೆ ಪಿಪ್‌ಟಾಜ್, ಅದರ ಕೆಳಗೆ ಮೆರೊಪೆನೆಮ್. ಕಫದಲ್ಲಿನ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ಗುರುತಿಸುವ ಕಲ್ಚರ್ ರಿಪೋರ್ಟ್‌ಗೆ ಎರಡು ಮೂರು ದಿನ ಬೇಕು, ಅಲ್ಲಿಯವರೆಗೆ ಯಾವ ಡಾಕ್ಟರೂ ಕೈಕಟ್ಟಿ ಕೂರಲು ಆಗುವುದಿಲ್ಲ. ಹಾಗಾಗಿ ಔಷಧಿ ಯಾರಿಗೆ ಬೇಕೋ ಅವರಲ್ಲಿ ಎಷ್ಟೋ ಜನ ಪ್ರಯೋಗದ ಹೊರಗೇ ಉಳಿಯುತ್ತಾರೆ.

ಒಪ್ಪಿಗೆಯ ಮಾತೂ ಇದೆ. ರೋಗಿಗೆ ಪ್ರಜ್ಞೆ ಇಲ್ಲ. ಸಹಿ ಹಾಕಬೇಕಾದ ಅಣ್ಣನೋ ಹೆಂಡತಿಯೋ ಹೊರಗೆ ಕಂಗಾಲಾಗಿ ನಿಂತಿರುತ್ತಾರೆ. ಪ್ರಯೋಗ ಅಂದ ಕೂಡಲೇ “ನಮ್ಮವರ ಮೇಲೇ ಯಾಕೆ?” ಅನ್ನುತ್ತಾರೆ. ಆ ಭಯ ನ್ಯಾಯವಾದದ್ದೇ. ಇಂಥ ಪ್ರಯೋಗದಲ್ಲಿ ಯಾರನ್ನೂ ಔಷಧಿ ಇಲ್ಲದೆ ಬಿಡುವುದಿಲ್ಲ, ಹೊಸದು ಸಿಗದವರಿಗೆ ಈಗಿರುವ ಒಳ್ಳೆಯ ಔಷಧಿ ಸಿಗುತ್ತದೆ. ಇದನ್ನು ಕೂರಿಸಿಕೊಂಡು, ಅವಸರ ಮಾಡದೆ ಹೇಳಬೇಕು.

ಇನ್ನು ದುಡ್ಡು. ಪ್ಲಾಜೊಮೈಸಿನ್ ಎಂಬ ಆಂಟಿಬಯೋಟಿಕ್‌ಗೆ 2018ರಲ್ಲಿ ಒಪ್ಪಿಗೆ ಸಿಕ್ಕಿತು. ಮಾರಾಟದಿಂದ ಸಾಕಷ್ಟು ದುಡ್ಡು ಬರದೆ, ಅದನ್ನು ತಂದ ಅಮೆರಿಕದ ಕಂಪನಿ 2019ರಲ್ಲಿ ದಿವಾಳಿಯಾಯಿತು.

ಸಲ್‌ಬ್ಯಾಕ್ಟಮ್-ಡರ್ಲೋಬ್ಯಾಕ್ಟಮ್ ಪ್ರಯೋಗದಲ್ಲಿ, ಕೊನೆಯ ಅಸ್ತ್ರವಾಗಿ ಬಳಸುವ ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್‌ಗೂ ಬಗ್ಗದ ಸೋಂಕಿನವರಿಗೆ ಬೇರೆಯೇ ಗುಂಪು ಮಾಡಿದ್ದರು. ಎಲ್ಲ ಪ್ರಯೋಗಗಳಲ್ಲೂ ಅಂಥ ಗುಂಪು ಇರಬೇಕು, ನಮ್ಮಂಥ ಊರುಗಳಲ್ಲೂ ಅವು ನಡೆಯಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ತಾಲ್ಲೂಕುಗಳಲ್ಲಿರುವ ಡಾಕ್ಟರ್ ಗೆಳೆಯರಲ್ಲಿ ಒಂದು ಕೋರಿಕೆ: ಆದಷ್ಟು ಮೊದಲ ಡೋಸಿಗೆ ಮುಂಚೆಯೇ ಕಫವನ್ನು ಕಲ್ಚರ್‌ಗೆ ತೆಗೆಯಿರಿ. ರೆಫರ್ ಚೀಟಿಯಲ್ಲಿ ಔಷಧಿಯ ಹೆಸರಿನ ಜೊತೆ, ಅದನ್ನು ಶುರು ಮಾಡಿದ ದಿನ, ಗಂಟೆ ಎರಡನ್ನೂ ಬರೆಯಿರಿ.