ಎದೆಯ ಮೇಲೆ ಕೂತದ್ದು ಯಾರು?

ಹಾರರ್ ಕತೆ ಬರೆಯುವವರಿಗೆ ನಮ್ಮ ಕಡೆ ಒಂದು ಪ್ರಶ್ನೆ ತಪ್ಪುವುದಿಲ್ಲ. ಧಾರವಾಡದಲ್ಲಿ ಕತೆ ಓದುವ ಕಾರ್ಯಕ್ರಮ ಮುಗಿದು ಚಹಾ ಕಪ್ಪು ಕೈಗೆ ಬರುವುದೇ ತಡ, ಯಾರಾದರೊಬ್ಬರು ಕೇಳಿಯೇ ಬಿಡುತ್ತಾರೆ: "ಸರ, ನೀವು ಖರೇನ ದೆವ್ವ ನೋಡೀರೇನ್ರಿ?" ಹೌದು ಅಂದರೆ ಅವರಿಗೆ ಖುಷಿ, ಇಲ್ಲ ಅಂದರೆ ನಿರಾಸೆ. ಇನ್ನು ಕೆಲವರು ಎದುರಿಗೆ ಏನೂ ಕೇಳುವುದಿಲ್ಲ. ಆಮೇಲೆ ಗೇಟಿನ ಹತ್ತಿರ ನಿಂತು, ಇಂಥದ್ದೆಲ್ಲ ಹೊಳೆಯಬೇಕಾದರೆ ತಲೆಯಲ್ಲಿ ಏನೋ ಕೆಟ್ಟಿರಬೇಕು ಅಂತ ಮಾತಾಡಿಕೊಳ್ಳುತ್ತಾರೆ. ಎರಡೂ ಮಾತು ನನಗೆ ಸಿಟ್ಟು ತರಿಸುತ್ತವೆ. ಹೆದರಿಸುವ ಕತೆ ಬರೆಯಲು ದೆವ್ವ ಕಾಣಬೇಕಿಲ್ಲ, ಹುಚ್ಚೂ ಬೇಕಿಲ್ಲ. ಬರೆಯುವವರನ್ನು ಕೇಳಬೇಕಾದ್ದು ಬೇರೆಯೇ ಇದೆ. ನಿಮ್ಮ ನಿದ್ದೆ ಹೇಗಿತ್ತು? ನೀವು ಸಣ್ಣವರಿದ್ದಾಗ ಮನೆಯಲ್ಲಿ ಯಾರು ಸತ್ತರು? ನಿಮ್ಮ ಊರಿಗೆ ಯಾವ ರೋಗ ಬಂದಿತ್ತು?

ಮೊದಲು ನಿದ್ದೆ ವಿಷಯ. ಇದನ್ನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಯಾಕಂದರೆ ಮೆದುಳಿನ ಬಗ್ಗೆ ನಾನು ಓದಿದ್ದರಲ್ಲಿ ಇಷ್ಟು ಚಂದದ್ದು ಬೇರೆ ಇಲ್ಲ.

ಬೆಳಗಿನ ಜಾವ ಎಚ್ಚರ ಆಗುತ್ತದೆ. ಕಣ್ಣು ತೆರೆದಿದೆ, ಕೋಣೆ ಕಾಣುತ್ತಿದೆ, ಫ್ಯಾನ್ ತಿರುಗುವುದೂ ಕೇಳುತ್ತಿದೆ. ಆದರೆ ಕೈಕಾಲು ಆಡುವುದಿಲ್ಲ. ಕೂಗಬೇಕೆಂದರೆ ದನಿ ಬರುವುದಿಲ್ಲ. ಎದೆ ಮೇಲೆ ಭಾರ. ಬಾಗಿಲ ಹತ್ತಿರ ಯಾರೋ ಇದ್ದಾರೆ ಅನ್ನೋದು ಎಷ್ಟು ಖಾತ್ರಿ ಅಂದರೆ ಆ ಕಡೆ ನೋಡಲಿಕ್ಕೂ ಭಯ. ಒಂದೆರಡು ನಿಮಿಷದಲ್ಲಿ ಎಲ್ಲ ಸಡಿಲಾಗುತ್ತದೆ. ನಮ್ಮ ಕಡೆ ಇದಕ್ಕೆ "ಎದಿ ಮ್ಯಾಲೆ ಬಂದು ಕುಂತಿತ್ತು" ಅಂತಾರೆ. ಮರುದಿನ ನಿಂಬೆಹಣ್ಣು ತರುತ್ತಾರೆ, ಇಳಿ ತೆಗೆಯುತ್ತಾರೆ, ಕೊರಳಿಗೆ ತಾಯತ ಬೀಳುತ್ತದೆ. ವೈದ್ಯರು ಇದನ್ನು ಸ್ಲೀಪ್ ಪ್ಯಾರಾಲಿಸಿಸ್ ಅಂತಾರೆ. ಇದು ಲಕ್ವಾ ಅಲ್ಲ, ಇದರಿಂದ ಪ್ರಾಣಕ್ಕೆ ಅಪಾಯವೂ ಇಲ್ಲ.

ಆಗುವುದು ಏನಂದರೆ, ನಮಗೆ ಗಾಢವಾದ ಕನಸು ಬೀಳುವ ನಿದ್ದೆಯ ಹಂತಕ್ಕೆ ರೆಮ್ ನಿದ್ದೆ ಎಂದು ಹೆಸರು. ಮುಚ್ಚಿದ ರೆಪ್ಪೆಯೊಳಗೆ ಕಣ್ಣು ಸರಸರ ಓಡಾಡುವ ಈ ಹಂತವನ್ನು 1953ರಲ್ಲಿ ಶಿಕಾಗೋದ ಆಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ಜಗತ್ತಿಗೆ ತಿಳಿಸಿದರು. ಈ ಹೊತ್ತಿನಲ್ಲಿ ಮೆದುಳು ಭರ್ಜರಿ ಕೆಲಸ ಮಾಡುತ್ತಿರುತ್ತದೆ. ಕನಸಿನಲ್ಲಿ ಓಡಿದರೆ ಓಡು ಅನ್ನುವ ಆದೇಶ ನಿಜವಾಗಿಯೂ ಹೊರಡುತ್ತದೆ. ಆ ಆದೇಶ ಕಾಲಿಗೆ ಮುಟ್ಟಿದರೆ ನಾವು ಹಾಸಿಗೆಯಿಂದ ಎದ್ದು ಗೋಡೆಗೆ ಗುದ್ದಿಕೊಳ್ಳುತ್ತೇವೆ. ಅದಕ್ಕೇ ಮೆದುಳಿನ ಬುಡದಲ್ಲಿರುವ ಪಾನ್ಸ್ ಎಂಬ ಭಾಗ ಕೆಳಗೆ ಸಂದೇಶ ಕಳಿಸುತ್ತದೆ. ಗ್ಲೈಸಿನ್ ಮತ್ತು ಗಾಬಾ ಎಂಬ ರಾಸಾಯನಿಕಗಳು ಬೆನ್ನುಹುರಿಯ ನರಕೋಶಗಳನ್ನು ಸುಮ್ಮನಾಗಿಸುತ್ತವೆ, ಸ್ನಾಯುಗಳು ಸಡಿಲ ಬೀಳುತ್ತವೆ. ಹುಬ್ಬಳ್ಳಿ ಸ್ಟೇಶನ್ನಿನಲ್ಲಿ ಎಂಜಿನ್ ಜೋರಾಗಿ ಗುಡುಗುತ್ತಿದ್ದರೂ ಬೋಗಿಯ ಕಪ್ಲಿಂಗ್ ಬಿಚ್ಚಿಟ್ಟಿದ್ದರೆ ಗಾಡಿ ಹೇಗೆ ನಿಂತಲ್ಲೇ ನಿಂತಿರುತ್ತದೋ ಹಾಗೆ. ಫ್ರಾನ್ಸಿನ ಮಿಶೆಲ್ ಜೂವೆ ಎಂಬ ವಿಜ್ಞಾನಿ ಬೆಕ್ಕುಗಳ ಪಾನ್ಸ್‌ನಲ್ಲಿ ಈ ವ್ಯವಸ್ಥೆಯನ್ನೇ ಕೆಡಿಸಿ ನೋಡಿದರು. ಆ ಬೆಕ್ಕುಗಳು ನಿದ್ದೆಯಲ್ಲೇ ಎದ್ದು, ಇಲ್ಲದ ಬೇಟೆಯ ಮೇಲೆ ಹಾರಿದವು.

ಕೆಲವೊಮ್ಮೆ ಎಚ್ಚರ ಮೊದಲು ಬಂದು, ಸ್ನಾಯುಗಳ ಬಿಡುಗಡೆ ತಡ ಆಗುತ್ತದೆ. ಉಸಿರಾಟದ ಮುಖ್ಯ ಸ್ನಾಯು ವಪೆ ಕೆಲಸ ಮಾಡುತ್ತಿರುತ್ತದೆ, ಆದರೆ ಪಕ್ಕೆಲುಬುಗಳ ನಡುವಿನ ಸ್ನಾಯು ಸಡಿಲಾಗಿಯೇ ಇರುತ್ತದೆ. ಹೆದರಿದವನು ದೀರ್ಘ ಉಸಿರು ಎಳೆಯಲು ನೋಡುತ್ತಾನೆ, ಎದೆ ಹಿಗ್ಗುವುದಿಲ್ಲ. ಭಾರ ಅನ್ನಿಸುವುದು ಇದರಿಂದ. ಭಯದ ಕೇಂದ್ರವಾದ ಅಮಿಗ್ಡಲಾ ರೆಮ್ ನಿದ್ದೆಯಲ್ಲಿ ಮೊದಲೇ ಚುರುಕಾಗಿರುತ್ತದೆ. ಅಂದರೆ ಭಯ ಮೊದಲು ಹುಟ್ಟುತ್ತದೆ, ಕಾರಣ ಆಮೇಲೆ ಬರುತ್ತದೆ. ಉಳಿದ ಕನಸಿನ ಚೂರುಗಳನ್ನು ಕೋಣೆಯ ಕತ್ತಲಿಗೆ ಅಂಟಿಸಿ ಮೆದುಳು ಒಂದು ಕಾರಣ ಮಾಡಿಕೊಡುತ್ತದೆ.

ಹಾಗಾದರೆ ಬಾಗಿಲ ಹತ್ತಿರ ನಿಂತವರು ಯಾರು? 2006ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯರು ಮೂರ್ಛೆರೋಗದ ಶಸ್ತ್ರಚಿಕಿತ್ಸೆಗೆ ಮೊದಲು ಒಬ್ಬ ಯುವತಿಯ ಮೆದುಳನ್ನು ಪರೀಕ್ಷಿಸುತ್ತಿದ್ದರು. ಎಡಗಡೆ ಕಿವಿಯ ಮೇಲುಭಾಗದ ಒಂದು ಜಾಗಕ್ಕೆ ಸಣ್ಣ ವಿದ್ಯುತ್ ಕೊಟ್ಟ ಕೂಡಲೇ ಆಕೆಗೆ ಬೆನ್ನ ಹಿಂದೆ ಯಾರೋ ಇದ್ದಂತೆ ಅನ್ನಿಸಿತು. ಆಕೆ ಮಲಗಿದರೆ ಆ ನೆರಳೂ ಮಲಗಿತು, ಕೂತರೆ ಅದೂ ಕೂತಿತು. ನನ್ನ ದೇಹ ಎಲ್ಲಿದೆ, ಹೇಗಿದೆ ಎಂದು ಲೆಕ್ಕ ಇಡುವ ಜಾಗ ಅದು. ಲೆಕ್ಕ ತಪ್ಪಿದಾಗ ನಮ್ಮದೇ ದೇಹ ಇನ್ನೊಬ್ಬರಾಗಿ ಪಕ್ಕದಲ್ಲಿ ನಿಲ್ಲುತ್ತದೆ! ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ, ಖುಷಿಗೆ.

ಇದು ಅಪರೂಪದ ಸಂಗತಿಯೂ ಅಲ್ಲ. 36,000ಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟು ಹಾಕಿದ 2011ರ ಒಂದು ಅಧ್ಯಯನದ ಪ್ರಕಾರ ಸಾಮಾನ್ಯ ಜನರಲ್ಲಿ ಶೇ. 7.6 ಮಂದಿಗೆ ಜೀವನದಲ್ಲಿ ಒಮ್ಮೆಯಾದರೂ ಹೀಗಾಗಿರುತ್ತದೆ. ವಿದ್ಯಾರ್ಥಿಗಳಲ್ಲಿ ಅದು ಶೇ. 28.3. ನಿದ್ದೆಗೆಟ್ಟರೆ, ಮಲಗುವ ಹೊತ್ತು ಏರುಪೇರಾದರೆ, ಅಂಗಾತ ಮಲಗಿದರೆ ಜಾಸ್ತಿ. ಧಾರವಾಡದ ಸಪ್ತಾಪುರದಲ್ಲಿ ಸಣ್ಣ ಸಣ್ಣ ಕೋಣೆಗಳಲ್ಲಿ ಉಳಿದು, ರಾತ್ರಿ ಎರಡರವರೆಗೆ ಪಿಎಸ್‌ಐ, ಕೆಎಎಸ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರನ್ನು ನೆನೆಸಿಕೊಳ್ಳಿ. ಆ ರೂಮಿನಲ್ಲಿ ಏನೋ ಇದೆ ಅನ್ನುವ ಸುದ್ದಿ ಹಬ್ಬಲು ಬೇರೆ ಕಾರಣ ಬೇಕಾ?

ಅನುಭವ ಜಗತ್ತಿಗೆಲ್ಲ ಒಂದೇ, ಆದರೆ ಅದಕ್ಕೆ ಮುಖ ಕೊಡುವುದು ಊರು. ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಎದೆ ಮೇಲೆ ಕೂರುವವಳು ಒಬ್ಬ ಮುದುಕಿ. ಈಜಿಪ್ಟಿನಲ್ಲಿ ಜಿನ್. ನಮ್ಮಲ್ಲಿ ಬಾವಿಗೆ ಬಿದ್ದು ಸತ್ತ ಓಣಿಯ ಹೆಣ್ಣುಮಗಳು. ಫ್ರಾನ್ಸಿನ ಮೊಪಾಸಾ 1887ರಲ್ಲಿ ಪ್ರಕಟಿಸಿದ 'ಲೆ ಓರ್ಲಾ' ಕತೆಯಲ್ಲಿ, ಮಲಗಿದವನ ಎದೆಯ ಮೇಲೆ ಏನೋ ಮಂಡಿಯೂರಿ ಕತ್ತು ಹಿಸುಕುತ್ತದೆ, ಅವನಿಗೆ ಅಲುಗಾಡಲು ಆಗುವುದಿಲ್ಲ. ಅಂಥ ರಾತ್ರಿ ಕಂಡ ಯಾರಿಗೇ ಆದರೂ ಇದು ಗುರುತು ಸಿಗುತ್ತದೆ.

ಇನ್ನು ಮೇರಿ ಶೆಲ್ಲಿ. 'ಫ್ರಾಂಕೆನ್‌ಸ್ಟೈನ್' ಬರೆದಾಕೆ. ಆಕೆ ಹುಟ್ಟಿದ್ದು 1797ರಲ್ಲಿ, ಹೆತ್ತ ತಾಯಿ ಬಾಣಂತಿ ಜ್ವರದಿಂದ ಹನ್ನೊಂದೇ ದಿನಕ್ಕೆ ತೀರಿಕೊಂಡಳು. 1815ರಲ್ಲಿ ಮೇರಿಯ ಮೊದಲ ಕೂಸೂ ದಿನ ತುಂಬದೆ ಹುಟ್ಟಿ ಸತ್ತಿತು. ಕೆಲವೇ ದಿನಗಳ ಮೇಲೆ ಆಕೆ ದಿನಚರಿಯಲ್ಲಿ ಒಂದು ಕನಸು ಬರೆದಿದ್ದಾಳೆ: ಕೂಸು ಬರೀ ತಣ್ಣಗಾಗಿತ್ತು, ಬೆಂಕಿ ಮುಂದೆ ಹಿಡಿದು ಮೈ ಉಜ್ಜಿದಾಗ ಬದುಕಿತು. ಎಚ್ಚರಾದಾಗ ಕೂಸಿಲ್ಲ. ಹೆಣಕ್ಕೆ ಜೀವ ತುಂಬುವ ಕತೆ ಈ ಹುಡುಗಿಗೆ ಎಲ್ಲಿಂದ ಹೊಳೆಯಿತು ಎಂದು ಜನ ಇನ್ನೂ ಬೆರಗಾಗುತ್ತಾರೆ. ನನಗೆ ಬೆರಗಿಲ್ಲ, ಸಂಕಟ ಆಗುತ್ತದೆ.

ಅದಕ್ಕೆ ವಿಜ್ಞಾನದ ಬಟ್ಟೆ ತೊಡಿಸಿದ್ದು ಆ ಕಾಲ. ಇಟಲಿಯ ಗಾಲ್ವಾನಿ ಸತ್ತ ಕಪ್ಪೆಯ ಕಾಲನ್ನು ವಿದ್ಯುತ್ತಿನಿಂದ ಕುಣಿಸಿದ್ದ. ಅವನ ಸೋದರಳಿಯ ಆಲ್ದಿನಿ 1803ರಲ್ಲಿ ಲಂಡನ್ನಿನಲ್ಲಿ ಗಲ್ಲಿಗೇರಿದ ಒಬ್ಬನ ಹೆಣಕ್ಕೆ ವಿದ್ಯುತ್ ಹಾಯಿಸಿದಾಗ ದವಡೆ ನಡುಗಿತು, ಒಂದು ಕಣ್ಣು ತೆರೆಯಿತು. ಹವಾಮಾನವೂ ಕೂಡಿಬಂತು. 1815ರ ಏಪ್ರಿಲ್‌ನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಅದರ ಗಂಧಕದ ಮುಸುಕು ಆಕಾಶ ತುಂಬಿ, ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಮಳೆಗೆ ಹೊರಗೆ ಕಾಲಿಡಲಾಗದೆ ಜಿನೀವಾ ಸರೋವರದ ದಂಡೆಯ ಮನೆಯಲ್ಲಿ ಕೂತ ಗೆಳೆಯರು ದೆವ್ವದ ಕತೆ ಬರೆಯುವ ಪಂದ್ಯ ಕಟ್ಟಿದರು. ಮೇರಿಗೆ ಕತೆ ಕಂಡದ್ದು ರಾತ್ರಿ ದಿಂಬಿಗೆ ತಲೆ ಇಟ್ಟಾಗ, ಕಣ್ಣು ಮುಚ್ಚಿಯೇ, ಪೂರಾ ನಿದ್ದೆಯೂ ಅಲ್ಲದೆ ಎಚ್ಚರವೂ ಅಲ್ಲದೆ. ಹಾಗೆಂದು 1831ರ ಮುನ್ನುಡಿಯಲ್ಲಿ ಆಕೆಯೇ ಬರೆದಿದ್ದಾಳೆ. ಮತ್ತೆ ನಿದ್ದೆಯ ಹೊಸ್ತಿಲು!

ರೋಗದ ಮಾತಿಗೆ ಬರೋಣ, ಇಲ್ಲಿ ನಮ್ಮ ಹುಬ್ಬಳ್ಳಿಯೂ ಇದೆ. ರಕ್ತ ಹೀರುವ ಹೆಣದ ಕಾದಂಬರಿ 'ಡ್ರಾಕುಲಾ' ಬರೆದ ಬ್ರಾಮ್ ಸ್ಟೋಕರ್ ಸಣ್ಣವನಿದ್ದಾಗ ಏಳು ವರ್ಷದವರೆಗೆ ಬಹುಪಾಲು ಹಾಸಿಗೆ ಹಿಡಿದಿದ್ದ. ಪಕ್ಕದಲ್ಲಿ ಕೂತ ತಾಯಿ ಹೇಳುತ್ತಿದ್ದದ್ದು 1832ರಲ್ಲಿ ಐರ್ಲೆಂಡಿನ ಸ್ಲೈಗೋ ಊರಿಗೆ ಕಾಲರಾ ಬಂದ ಕತೆ, ಜೀವ ಇರುವಾಗಲೇ ಜನರನ್ನು ಹೂತ ಕತೆ. ಅಂಥ ಹೆಣದ ನಂಬಿಕೆಯ ಹಿಂದೆಯೂ ರೋಗವೇ ಇತ್ತು. ಕ್ಷಯ ಒಂದು ಮನೆ ಹೊಕ್ಕರೆ ಒಬ್ಬರ ನಂತರ ಒಬ್ಬರು ಬಿಳಿಚಿಕೊಂಡು, ರಕ್ತ ಕೆಮ್ಮಿ ಸಾಯುತ್ತಿದ್ದರು. ಮೊದಲು ಸತ್ತವರೇ ಬಂದು ಹೀರುತ್ತಿದ್ದಾರೆ ಎಂದು ಗೋರಿ ಅಗೆದರೆ, ಹೊಟ್ಟೆಯಲ್ಲಿ ಗಾಳಿ ತುಂಬಿ ಉಬ್ಬಿದ ದೇಹ, ಬಾಯಂಚಿನಲ್ಲಿ ಕೆಂಪು ದ್ರವ, ಚರ್ಮ ಕುಗ್ಗಿದ್ದಕ್ಕೆ ಉದ್ದ ಕಾಣುವ ಉಗುರು. ಕೊಳೆಯುವ ಹೆಣದಲ್ಲಿ ಇದೆಲ್ಲ ಸಹಜ. ನೋಡಿದವರಿಗೆ ಮಾತ್ರ ಅದು ಈಗಷ್ಟೇ ಉಂಡಂತೆ ಕಂಡಿತು. ಅಮೆರಿಕದ ರೋಡ್ ಐಲೆಂಡಿನಲ್ಲಿ 1892ರಲ್ಲೂ ಮರ್ಸಿ ಬ್ರೌನ್ ಎಂಬ ಹುಡುಗಿಯ ಹೆಣ ತೆಗೆದು, ಹೃದಯ ಸುಟ್ಟು, ಆ ಬೂದಿಯನ್ನು ಕಾಯಿಲೆಯ ಅಣ್ಣನಿಗೆ ಕುಡಿಸಿದರು. ಅವನೂ ಉಳಿಯಲಿಲ್ಲ. ಕ್ಷಯದ ರೋಗಾಣು ಸಿಕ್ಕಿದೆ ಎಂದು ಜರ್ಮನಿಯ ವಿಜ್ಞಾನಿ ಕೋಖ್ ಸಾರಿ ಆಗಲೇ ಹತ್ತು ವರ್ಷ ಆಗಿತ್ತು.

'ಡ್ರಾಕುಲಾ' ಅಚ್ಚಾದದ್ದು 1897. ಮರುವರ್ಷ ಹುಬ್ಬಳ್ಳಿಯಲ್ಲಿ ಪ್ಲೇಗ್. ಹಾಫ್ಕಿನ್ ಎಂಬ ವಿಜ್ಞಾನಿ ಮುಂಬೈಯಲ್ಲಿ ತಯಾರಿಸಿದ್ದ ಹೊಸ ಲಸಿಕೆಯನ್ನು ಇಲ್ಲಿ ದೊಡ್ಡ ಸಂಖ್ಯೆಯ ಜನರಿಗೆ ಹಾಕಿದರು. ಪ್ಲೇಗನ್ನು ಇಲಿಯಿಂದ ಮನುಷ್ಯನಿಗೆ ದಾಟಿಸುವುದು ಚಿಗಟ ಎಂದು ಸಿಮಾಂ ಎಂಬ ಫ್ರೆಂಚ್ ವೈದ್ಯ ಕರಾಚಿಯಲ್ಲಿ ತೋರಿಸಿದ್ದೂ ಅದೇ 1898ರಲ್ಲಿ. ಅಲ್ಲಿಯವರೆಗೆ ಜನಕ್ಕೆ ಕಾಣುತ್ತಿದ್ದದ್ದು ಇಷ್ಟೇ: ಮೊದಲು ಇಲಿ ಬೀಳುತ್ತವೆ, ಆಮೇಲೆ ಮನುಷ್ಯರು. ಇಲಿ ಬಿದ್ದವು ಅಂದರೆ ಮನೆಗೆ ಕೀಲಿ ಹಾಕಿ, ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ತಿಂಗಳುಗಟ್ಟಲೆ ಖಾಲಿ ಬಿದ್ದ ಓಣಿಗಳು. ಇನ್ನು ಕಂದಾಯದ ದಾಖಲೆಗಳಲ್ಲಿ ಇಂದಿಗೂ ಬೇಚಿರಾಕ್ ಎಂದು ಬರೆದ ಊರುಗಳಿವೆ, ಹೆಸರಿದೆ, ಜಮೀನಿದೆ, ಮನೆ ಮಂದಿ ಇಲ್ಲ. ಬರಕ್ಕೋ, ರೋಗಕ್ಕೋ, ದಂಡಿನ ಹಾವಳಿಗೋ ಜನ ಎದ್ದು ಹೋದ ಜಾಗಗಳು. ಗದಗ, ಹಾವೇರಿ ಕಡೆ ಬರೆಯುವ ಹುಡುಗರು ಇದನ್ನು ಬಿಟ್ಟು ಚರ್ಚಿನ ಗೋರಿ, ಬಿಳಿ ಗೌನಿನ ಹೆಂಗಸು ಎಂದು ಸಿನಿಮಾದಿಂದ ತಂದು ಬರೆಯುತ್ತಾರಲ್ಲ, ನನಗೆ ಬೇಜಾರಾಗುತ್ತದೆ. ಕಾಲಡಿಯಲ್ಲೇ ಇದೆ ಕತೆ.

ಹುಣಸೆ ಮರದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ದೆವ್ವ ಇಲ್ಲ ಎಂದು ಹೇಳುವವರೇ, ಹುಣಸೆ ಮರ ರಾತ್ರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ, ಕೆಳಗೆ ಮಲಗಿದರೆ ಉಸಿರು ಕಟ್ಟುತ್ತದೆ, ಅದಕ್ಕೇ ಹಿರಿಯರು ದೆವ್ವ ಅಂದರು ಎಂದು ವಿವರಿಸುತ್ತಾರೆ. ವಾಟ್ಸಾಪಿನಲ್ಲಿ ಇದು ಬಾರದ ತಿಂಗಳಿಲ್ಲ. ರಾತ್ರಿ ಎಲ್ಲ ಗಿಡಗಳೂ ಉಸಿರಾಡುತ್ತವೆ, ಅವು ಬಿಡುವ ಅನಿಲ ಬಯಲ ಗಾಳಿಯಲ್ಲಿ ಕರಗಿಹೋಗುವಷ್ಟು ಕಡಿಮೆ. ಮುಚ್ಚಿದ ಕೋಣೆಯಲ್ಲಿ ಪಕ್ಕದಲ್ಲಿ ಮಲಗಿದ ಮನುಷ್ಯ ಅದಕ್ಕಿಂತ ದೊಡ್ಡ ಸಮಸ್ಯೆ. ಮೂಢನಂಬಿಕೆಯ ಜಾಗದಲ್ಲಿ ಸುಳ್ಳು ವಿಜ್ಞಾನ ತಂದು ಕೂರಿಸಿದರೆ ಏನು ಲಾಭ?

ಎಲ್ಲ ಭಯವೂ ಮುಗ್ಧ ಅಲ್ಲ ಅನ್ನುವುದನ್ನೂ ಹೇಳಬೇಕು. ಅಮೆರಿಕದ ಹಾರರ್ ಕತೆಗಾರ ಲವ್‌ಕ್ರಾಫ್ಟ್‌ಗೆ ಐದು ವರ್ಷವಿದ್ದಾಗ, 1896ರಲ್ಲಿ, ಅಜ್ಜಿ ತೀರಿಕೊಂಡಳು. ಮನೆ ಹೆಂಗಸರ ಕಪ್ಪು ಬಟ್ಟೆ ಕಂಡು ಹೆದರಿದ ಹುಡುಗನಿಗೆ ರಾತ್ರಿ ಮುಖವಿಲ್ಲದ, ರೆಕ್ಕೆಯ ಕಪ್ಪು ಜೀವಿಗಳು ಬಂದು ಎತ್ತಿಕೊಂಡು ಹೋಗುವ ಕನಸು ಬೀಳತೊಡಗಿತು. ದೊಡ್ಡವನಾದ ಮೇಲೆ ಅವನ್ನೇ ಕತೆಗೆ ತಂದ. ಆದರೆ ಅದೇ ಲವ್‌ಕ್ರಾಫ್ಟ್ ಬೇರೆ ಬಣ್ಣದ, ಬೇರೆ ದೇಶದ ಜನರನ್ನೂ ಹಾಗೆಯೇ ಕಂಡ, ಆ ಅಸಹ್ಯವನ್ನೂ ಕತೆಗೆ ಸುರಿದ. ಆ ಹುಡುಗನ ಕನಸಿಗೆ ಮರುಗಬಹುದು, ಈ ದ್ವೇಷಕ್ಕೆ ರಿಯಾಯಿತಿ ಇಲ್ಲ.

ನನಗೆ ಹೆಚ್ಚು ಚಿಂತೆ ಇರುವುದು ಕತೆ ಬರೆಯದೆ, ಬರೀ ಹೆದರಿ ನಡುಗುವ ಮಕ್ಕಳ ಬಗ್ಗೆ. ರಾತ್ರಿ ಚೀರಿ ಎದ್ದ ಹುಡುಗಿಗೆ "ಗಾಳಿ ಬಡದೈತಿ" ಎಂದು ಬೇವಿನ ಬರಲಿನಿಂದ ಹೊಡೆಯುವುದು ಇನ್ನೂ ನಿಂತಿಲ್ಲ. ದೆವ್ವ ಬಿಡಿಸುವ ಹೆಸರಿನಲ್ಲಿ ಹೊಡೆಯುವುದು ಕರ್ನಾಟಕದ 2017ರ ಕಾಯ್ದೆ ಪ್ರಕಾರ ಅಪರಾಧ. ಧಾರವಾಡದಲ್ಲೇ ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಅಲ್ಲಿಗೆ ಹೋದರೆ ಹುಚ್ಚು ಅಂತಾರೆ ಎಂದು ಜನ ಹಿಂಜರಿಯುತ್ತಾರೆ, ದಯವಿಟ್ಟು ಹಿಂಜರಿಯಬೇಡಿ.

ಕೆಟ್ಟ ಕನಸಿಗೆ ಚಿಕಿತ್ಸೆಯೂ ಇದೆ, ಮಾತ್ರೆ ಇಲ್ಲದ್ದು. ಮತ್ತೆ ಮತ್ತೆ ಬೀಳುವ ಕನಸನ್ನು ಹಗಲಿನಲ್ಲಿ, ಎಚ್ಚರದಲ್ಲಿ, ಕಾಗದದ ಮೇಲೆ ಬರೆಯಬೇಕು. ಆಮೇಲೆ ನಮಗೆ ಬೇಕಾದಂತೆ ಅದನ್ನು ಬದಲಿಸಬೇಕು, ಅಂತ್ಯವನ್ನೋ ನಡುವಿನ ಯಾವುದೋ ಭಾಗವನ್ನೋ. ಆ ಹೊಸ ರೂಪವನ್ನು ದಿನಾ ಸ್ವಲ್ಪ ಹೊತ್ತು ಕಣ್ಣ ಮುಂದೆ ತಂದುಕೊಳ್ಳಬೇಕು. ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿ ದುಃಸ್ವಪ್ನದಿಂದ ನರಳುತ್ತಿದ್ದ 168 ಹೆಣ್ಣುಮಕ್ಕಳ ಮೇಲೆ ನಡೆದ, 2001ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ಹೀಗೆ ಮಾಡಿದವರಿಗೆ ಕೆಟ್ಟ ಕನಸು ಕಡಿಮೆಯಾಯಿತು, ನಿದ್ದೆ ಸುಧಾರಿಸಿತು. ಮೇರಿ ಶೆಲ್ಲಿಗೆ, ಲವ್‌ಕ್ರಾಫ್ಟ್‌ಗೆ ಇದನ್ನು ಯಾರೂ ಕಲಿಸಿರಲಿಲ್ಲ. ಅವರು ಪೆನ್ನು ಹಿಡಿದು ಮಾಡಿದ್ದು ಹೆಚ್ಚುಕಡಿಮೆ ಇದೇ ಕೆಲಸ ಎಂದು ನನಗನ್ನಿಸುತ್ತದೆ. ನಿಮ್ಮ ಮನೆಯಲ್ಲಿ ರಾತ್ರಿ ಹೆದರಿ ಏಳುವ ಮಗು ಇದ್ದರೆ, ಬೆಳಿಗ್ಗೆ ಚಹಾ ಆದ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು, ಏನು ಕಂಡಿತು ಎಂದು ಕೇಳಿ, ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳಿ. ಆಮೇಲೆ ಆ ಕತೆ ಎಲ್ಲಿ ಹೇಗೆ ಬದಲಾಗಬೇಕು ಎಂದು ಅದನ್ನೇ ಕೇಳಿ.